ಸುಮ್ಮನಿದ್ದರೂ 9.8

ಮೇಜಿನ ಮೇಲೆ ಅಂಗಾತ ಮಲಗಿಸಿಟ್ಟ ಆಂಡ್ರಾಯ್ಡ್ ಫೋನಿನ ಆಕ್ಸೆಲೆರೋಮೀಟರ್, ಅಂದರೆ ವೇಗೋತ್ಕರ್ಷ ಮಾಪಕ, ಸೊನ್ನೆ ತೋರಿಸುವುದಿಲ್ಲ; ಸುಮಾರು 9.8 (ಮೀಟರ್ ಪ್ರತಿ ಸೆಕೆಂಡಿನ ವರ್ಗ) ತೋರಿಸುತ್ತದೆ. ಅದೇ ಫೋನ್ ಕೈಜಾರಿ ಬೀಳುತ್ತಿರುವಾಗ ಸೊನ್ನೆಗೆ ಹತ್ತಿರ ಬರುತ್ತದೆ. ಚಲನೆಯ ಅಂಕಿಗಳನ್ನು ಓದಲು ಹೊರಟ ಹೊಸಬರು ಮೊದಲು ಎಡವುವುದು ಇಲ್ಲೇ.

ಕಾರಣ ಸಂವೇದಕದ ರಚನೆಯಲ್ಲಿದೆ. ಕೆಲವೇ ಮಿಲಿಮೀಟರ್ ಅಗಲದ ಚಿಪ್‌ನೊಳಗೆ ಸಿಲಿಕಾನ್‌ನ ಒಂದು ಪುಟ್ಟ ತುಂಡು, ಸಿಲಿಕಾನ್‌ನದೇ ಸ್ಪ್ರಿಂಗುಗಳ ಆಸರೆಯಲ್ಲಿ ತೂಗುತ್ತಿರುತ್ತದೆ. ಅದರ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ. ಚೌಕಟ್ಟಿಗೆ ಅಂಟಿದ ಸ್ಥಿರ ಹಲ್ಲುಗಳ ನಡುವೆ ಅವು ಸೇರಿಕೊಂಡಿರುತ್ತವೆ. ತುಂಡು ಸರಿದಾಗ ಹಲ್ಲುಗಳ ನಡುವಿನ ಅಂತರ ಬದಲಾಗಿ ವಿದ್ಯುತ್ ಧಾರಕತೆಯೂ ಬದಲಾಗುತ್ತದೆ. ಚಿಪ್ ಅಳೆಯುವುದು ಅದನ್ನೇ. ಫೋನ್ ಮೇಜಿನ ಮೇಲಿದ್ದಾಗ ಗುರುತ್ವವು ತುಂಡನ್ನು ಕೆಳಕ್ಕೆ ಜಗ್ಗುತ್ತದೆ, ಸ್ಪ್ರಿಂಗ್ ತಡೆಯುತ್ತದೆ. ಬೀಳುವಾಗ ಚೌಕಟ್ಟೂ ತುಂಡೂ ಜೊತೆಯಾಗಿಯೇ ಬೀಳುವುದರಿಂದ ಜಗ್ಗಾಟವೇ ಇಲ್ಲ.

ಅಂಕಿಗಳು ಮೂರು ಅಕ್ಷಗಳಲ್ಲಿ ಬರುತ್ತವೆ: ಎಕ್ಸ್ ಪರದೆಯ ಅಡ್ಡಕ್ಕೆ, ವೈ ಉದ್ದಕ್ಕೆ, ಝಡ್ ಪರದೆಯಿಂದ ಹೊರಕ್ಕೆ. ಈ ಅಕ್ಷಗಳು ಅಂಟಿಕೊಂಡಿರುವುದು ಫೋನಿಗೆ, ನೆಲಕ್ಕಲ್ಲ. ಜೇಬಿನಲ್ಲಿ ಫೋನ್ ತಲೆಕೆಳಗಾದರೆ ವೈ ಅಕ್ಷವೂ ತಲೆಕೆಳಗು. ಕಂಪನಿಗಳ ಲೆಕ್ಕವೂ ಒಂದೇ ಅಲ್ಲ. ಅಂಗಾತ ಮಲಗಿದ ಐಫೋನ್ ಝಡ್ ಅಕ್ಷದಲ್ಲಿ −1 ಎನ್ನುತ್ತದೆ. ಅದರ ಏಕಮಾನ ಗುರುತ್ವವೇ, ಚಿಹ್ನೆಯೂ ಉಲ್ಟಾ.

ಆ್ಯಪ್ ಸಂವೇದಕವನ್ನು ಪದೇಪದೇ ಹೋಗಿ ಕೇಳುವುದಿಲ್ಲ. ಹೊಸ ಅಂಕಿ ಬಂದಾಗ ತಿಳಿಸುವಂತೆ ಕಾರ್ಯಾಚರಣ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿ ಕಾಯುತ್ತದೆ. ಆಂಡ್ರಾಯ್ಡ್‌ನ ‘ನಾರ್ಮಲ್’ ದರದಲ್ಲಿ 200 ಮಿಲಿಸೆಕೆಂಡಿಗೊಂದು, ‘ಗೇಮ್’ ದರದಲ್ಲಿ 20 ಮಿಲಿಸೆಕೆಂಡಿಗೊಂದು ಅಂಕಿ ಕೇಳಬಹುದು. ಇದು ಕೋರಿಕೆ ಮಾತ್ರ. ಕರಾರುವಾಕ್ಕಾಗಿ ಅದೇ ಅಂತರದಲ್ಲಿ ಬರುತ್ತದೆಂಬ ಖಾತರಿಯಿಲ್ಲ. ಹೀಗಾಗಿ ಪ್ರತಿ ಅಂಕಿಯ ಜೊತೆ ಬರುವ ನ್ಯಾನೋಸೆಕೆಂಡ್ ಕಾಲಮುದ್ರೆಯನ್ನೇ ನಂಬಬೇಕು. ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಹೆಜ್ಜೆ ಹಾಕುವ ನಡಿಗೆಯನ್ನು ಗುರುತಿಸಲು ಸೆಕೆಂಡಿಗೆ 5 ಅಂಕಿ ಸಾಲದು, 50 ಧಾರಾಳ. ಕೆಲಸ ಮುಗಿದ ಮೇಲೆ ನೋಂದಣಿ ರದ್ದು ಮಾಡದಿದ್ದರೆ ಬ್ಯಾಟರಿ ಸುಮ್ಮನೆ ಕರಗುತ್ತದೆ.

ಇನ್ನು ಗುರುತ್ವವನ್ನು ಸೋಸಿ ತೆಗೆಯುವ ಕೆಲಸ. ಕೈಯ ಅಲುಗಾಟ ಕ್ಷಣಕ್ಷಣಕ್ಕೂ ಬದಲಾದರೆ ಗುರುತ್ವದ ದಿಕ್ಕು ನಿಧಾನವಾಗಿ ಬದಲಾಗುತ್ತದೆ. ಹಳೆಯ ಅಂದಾಜಿನ 0.8 ಪಾಲಿಗೆ ಹೊಸ ಅಂಕಿಯ 0.2 ಪಾಲು ಕೂಡಿಸುತ್ತ ಹೋದರೆ ನಿಧಾನದ ಭಾಗ ಉಳಿಯುತ್ತದೆ. ಮೂಲದಿಂದ ಅದನ್ನು ಕಳೆದರೆ ಚಲನೆ ಸಿಗುತ್ತದೆ. ಬೆಂಗಳೂರಿನಲ್ಲಿ ಗುರುತ್ವ ಸುಮಾರು 9.78 ಇರುವುದರಿಂದ, ನೇರವಾಗಿ 9.8 ಕಳೆಯುವುದಕ್ಕಿಂತ ಈ ದಾರಿ ವಾಸಿ.

ಸಿಕ್ಕ ವೇಗೋತ್ಕರ್ಷವನ್ನು ಎರಡು ಬಾರಿ ಸಂಕಲಿಸಿ ಫೋನ್ ಎಷ್ಟು ದೂರ ಸಾಗಿತೆಂದು ಹೇಳಬಹುದಲ್ಲ ಎಂಬ ಆಸೆ ಹುಟ್ಟುವುದು ಸಹಜ. ಅಂಕಿಯಲ್ಲಿ 0.01 ಮೀಟರ್ ಪ್ರತಿ ಸೆಕೆಂಡಿನ ವರ್ಗದಷ್ಟು ತಪ್ಪು ಸ್ಥಿರವಾಗಿ ಉಳಿದರೂ ಸಾಕು, ಒಂದು ನಿಮಿಷದಲ್ಲಿ ಅದು 18 ಮೀಟರ್ ತಪ್ಪಾಗುತ್ತದೆ. ಅಷ್ಟು ಹೊತ್ತೂ ಫೋನ್ ಮೇಜಿನ ಮೇಲೇ ಇದ್ದಿರಬಹುದು!

ತಿರುಗುವಿಕೆಯನ್ನು ಅಳೆಯುವುದು ಜೈರೋಸ್ಕೋಪ್. ಕಂಪಿಸುತ್ತಿರುವ ತುಂಡು ಫೋನ್ ತಿರುಗಿದಾಗ ಕೊರಿಯೊಲಿಸ್ ಪರಿಣಾಮದಿಂದ ಪಕ್ಕಕ್ಕೆ ವಾಲುತ್ತದೆ. ಅದು ಚುರುಕು, ಆದರೆ ಹೊತ್ತು ಕಳೆದಂತೆ ಕೋನ ಜಾರುತ್ತದೆ. ಆಕ್ಸೆಲೆರೋಮೀಟರಿನ ಅಂಕಿ ಅಲುಗಾಡುತ್ತದೆ, ಆದರೆ ಜಾರುವುದಿಲ್ಲ. ಎರಡನ್ನೂ ಬೆರೆಸಿದರೆ ಓರೆ ಸರಿಯಾಗಿ ಸಿಗುತ್ತದೆ. ಉತ್ತರ ದಿಕ್ಕಿಗೆ ಕಾಂತಮಾಪಕವೂ ಬೇಕು.

ಈ ಅಂಕಿಗಳಿಂದ ಖಾಸಗಿತನಕ್ಕೂ ಅಪಾಯವಿದೆ: ಜೈರೋಸ್ಕೋಪ್ ಮಾತಿನ ಸದ್ದಿಗೂ ನಡುಗುತ್ತದೆಂದು 2014ರಲ್ಲೇ ಸಂಶೋಧಕರು ತೋರಿಸಿದ್ದರು. ಆಂಡ್ರಾಯ್ಡ್ 12ರಿಂದ, ವಿಶೇಷ ಅನುಮತಿ ಘೋಷಿಸದ ಆ್ಯಪ್‌ಗೆ ಸೆಕೆಂಡಿಗೆ 200 ಅಂಕಿಗಳ ಮಿತಿಯಿದೆ. ಆಂಡ್ರಾಯ್ಡ್ 10ರಿಂದ, ಫೋನೇ ಎಣಿಸಿಟ್ಟ ಹೆಜ್ಜೆಗಳನ್ನು ಓದಲು ಬಳಕೆದಾರರ ಒಪ್ಪಿಗೆ ಕಡ್ಡಾಯ. ಆದರೆ ಆಕ್ಸೆಲೆರೋಮೀಟರಿನ ಕಚ್ಚಾ ಅಂಕಿಗಳನ್ನು ಸಾಮಾನ್ಯ ದರದಲ್ಲಿ ಓದುವ ಆ್ಯಪ್ ಯಾರ ಒಪ್ಪಿಗೆಯನ್ನೂ ಕೇಳಬೇಕಿಲ್ಲ; ಹೆಜ್ಜೆ ಎಣಿಸಲು ಆ ಅಂಕಿಗಳೇ ಸಾಕು.