ಅಕ್ಕನವರ ಕೀ ಕೊಡುವ ಕೈಗಡಿಯಾರ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ನಮ್ಮ ಮನೆಗೆ ಗೋಡೆಯ ಗಡಿಯಾರಕ್ಕಿಂತ ಮೊದಲು ಬಂದದ್ದು ನಮ್ಮ ಅಕ್ಕನವರ ಕೈಗಡಿಯಾರ. 1979ರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನೇಮಕಗೊಂಡ ಅವರು, ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ, 1981ರಲ್ಲಿ ಎಚ್.ಎಂ.ಟಿ. ಸಂಸ್ಥೆಯ ‘ಸುಜಾತಾ’ ಎಂಬ ಹೆಂಗಸರ ಪುಟ್ಟ ವಾಚನ್ನು ಕೊಂಡರು. ಮಠದ ಪಾಠಶಾಲೆಯಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಮಲಗಿದ ನಮಗೆ ಅದೊಂದು ಆಡಂಬರವಾಗಿ ತೋರಿತ್ತು. ಹಾಗೆಂದು ಅವರೆದುರಿಗೇ ಹೇಳಿದ್ದೆವು. ಅಕ್ಕನವರು ಮರುನುಡಿಯಲಿಲ್ಲ. ಆ ಕಾಲದ ಅನೇಕ ಶಿಕ್ಷಕಿಯರಂತೆ ವಾಚಿನ ಮುಖವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿಕೊಂಡು ಶಾಲೆಗೆ ಹೊರಟರು. ಹಾಗೆ ಕಟ್ಟಿದರೆ ಗಾಜಿಗೆ ಪೆಟ್ಟು ಕಡಿಮೆ. ಪುಸ್ತಕ ಹಿಡಿದ ಕೈಯಲ್ಲೇ ವೇಳೆಯನ್ನೂ ನೋಡಬಹುದು.

ಬೆಂಗಳೂರಿನಲ್ಲಿ 1953ರಲ್ಲಿ ಯಂತ್ರೋಪಕರಣಗಳ ತಯಾರಿಕೆಗಾಗಿ ಸ್ಥಾಪಿತವಾದ ಎಚ್.ಎಂ.ಟಿ., 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಬಂದಿತು. ಹುಳಿಯಾರಿನ ಮಾರ್ಗವಾಗಿ ತುಮಕೂರಿಗೆ ಹೋಗಿಬರುವ ನಮ್ಮ ಸೀಮೆಯವರಿಗೆ ಅದು ನೆರೆಮನೆಯ ಕಾರ್ಖಾನೆಯಂತೆಯೇ ಇತ್ತು. ಮದುವೆಗೆ, ಪರೀಕ್ಷೆ ಪಾಸಾದುದಕ್ಕೆ, ನೌಕರಿ ಸಿಕ್ಕಿದ್ದಕ್ಕೆ ಎಚ್.ಎಂ.ಟಿ. ವಾಚಿಗಿಂತ ದೊಡ್ಡ ಉಡುಗೊರೆಯಿರಲಿಲ್ಲ. 1984ರಲ್ಲಿ ಟೈಟಾನ್ ಸ್ಥಾಪನೆಯಾಗಿ ಸೆಲ್ಲಿನ ಕ್ವಾರ್ಟ್ಜ್ ವಾಚುಗಳು ಮನೆಮನೆಗೆ ಬಂದ ಮೇಲೆ ಕೀ ಕೊಡುವ ವಾಚುಗಳು ಹಿಂದೆ ಸರಿದವು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಎಚ್.ಎಂ.ಟಿ.ಯ ಕೈಗಡಿಯಾರ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು.

ಅಕ್ಕನವರು 2015ರಲ್ಲಿ ಲಿಂಗೈಕ್ಯರಾದರು. ವಾಚು ನಮ್ಮ ಪಾಲಿಗೆ ಬಂದಿತು. ನಾವು ಮಾಡಿದ ಮೊದಲ ತಪ್ಪೆಂದರೆ, ಅದನ್ನು ಪೂಜ್ಯವಸ್ತುವೆಂದು ಭಾವಿಸಿ ರೇಷ್ಮೆಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟದ್ದು. ಏಳು ವರ್ಷಗಳ ನಂತರ ಅಕ್ಕನವರ ಮೊಮ್ಮಗಳು ಕಾಲೇಜಿಗೆ ಸೇರಿದಾಗ, “ತಾತ, ಅಜ್ಜಿಯ ವಾಚು ಕೊಡುತ್ತೀರಾ?” ಎಂದು ಕೇಳಿದಳು. ತೆಗೆದು ನೋಡಿದರೆ ಕೀಯ ತಿರುಪು ಅಲುಗಲೊಲ್ಲದು. ಎರಡನೆಯ ತಪ್ಪನ್ನು ಬರೆಯಲು ನಾಚಿಕೆಯಾಗುತ್ತದೆ. ತೆಂಗಿನ ಸೀಮೆಯವರಾದ ನಾವು ತಿರುಪಿನ ಬುಡಕ್ಕೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟೆವು. ವಾಚು ಎರಡು ದಿನ ನಡೆಯಿತು! ನಾವೂ ಹಿಗ್ಗಿದೆವು. ಪುಷ್ಯಮಾಸದ ಚಳಿಗೆ ಡಬ್ಬಿಯಲ್ಲಿನ ಎಣ್ಣೆ ಹೆಪ್ಪುಗಟ್ಟಿದಂತೆ ವಾಚಿನೊಳಗೂ ಹೆಪ್ಪುಗಟ್ಟಿತು, ಮುಳ್ಳುಗಳು ನಿಂತೇಹೋದವು.

ತಾಲ್ಲೂಕು ಕೇಂದ್ರದ ವೃದ್ಧ ವಾಚು ರಿಪೇರಿಯವರೊಬ್ಬರ ಬಳಿಗೆ ಒಯ್ದೆವು. ಅವರ ಅಂಗಡಿಯ ಮುಕ್ಕಾಲು ಭಾಗದಲ್ಲಿ ಮಗನ ಮೊಬೈಲ್ ವ್ಯಾಪಾರ. ಉಳಿದ ಮೂಲೆಯಲ್ಲಿ ಇವರ ಮೇಜು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆಗೆದರು, ಮೂಸಿ ನೋಡಿದರು. “ಸ್ವಾಮಿ, ಒಗ್ಗರಣೆಗೇನಾದರೂ ಇಟ್ಟಿದ್ದಿರಾ?” ಎಂದರು.

ಎಂಟು ದಿನ ಬಿಟ್ಟು ಹೋದಾಗ ಆ ಮಹನೀಯರು ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಳಗಿನದನ್ನು ತೋರಿಸಿದರು. ಕೀ ಕೊಟ್ಟಾಗ ಸುತ್ತಿಕೊಳ್ಳುವ ಉಕ್ಕಿನ ಸ್ಪ್ರಿಂಗು ಒಂದು. ಅದರ ಶಕ್ತಿಯನ್ನು ಒಯ್ಯುವ ಹಲ್ಲುಚಕ್ರಗಳ ಸಾಲು. ಕಡೆಗೆ ಕೂದಲೆಳೆಯಂಥ ಸ್ಪ್ರಿಂಗಿನ ಬಲದಿಂದ ಅತ್ತಿತ್ತ ತೂಗುವ ಒಂದು ಚಕ್ರ. ಇಂಥ ವಾಚುಗಳಲ್ಲಿ ಆ ಚಕ್ರವು ಸಾಮಾನ್ಯವಾಗಿ ಗಂಟೆಗೆ 18,000 ಇಲ್ಲವೆ 21,600 ಸಲ ತುಯ್ಯುತ್ತದೆ. ಅದರ ಅಚ್ಚುಗಳು ಸವೆಯದಿರಲೆಂದು ಕೃತಕ ಮಾಣಿಕ್ಯದ ಹರಳುಗಳನ್ನು ಕೂರಿಸಿರುತ್ತಾರೆ. ಡಯಲ್ಲಿನ ಮೇಲೆ ಕಾಣುವ ‘17 ಜ್ಯೂಯೆಲ್ಸ್’ ಎಂಬುದು ಅವುಗಳ ಲೆಕ್ಕವೇ ಹೊರತು ಒಡವೆಯ ಬೆಲೆಯಲ್ಲ. ಅಲ್ಲಿಗೆ ಬೇಕಾದದ್ದು ಸೂಜಿಮೊನೆಯಷ್ಟು ವಾಚಿನ ಎಣ್ಣೆ. ಬಳಸದೆ ಇಟ್ಟರೂ ವರ್ಷಗಳು ಕಳೆದಂತೆ ಆ ಎಣ್ಣೆ ಒಣಗಿ ಅಂಟಾಗುತ್ತದೆ. ನಮ್ಮ ರೇಷ್ಮೆಬಟ್ಟೆಯ ಭಕ್ತಿಯ ಫಲ ಅದಾಗಿತ್ತು.

ಇಂಥ ವಾಚುಗಳು ಇನ್ನೂ ಅನೇಕ ಮನೆಗಳ ಬೀರುಗಳಲ್ಲಿರುವುದರಿಂದ ಅವರು ಹೇಳಿದ್ದನ್ನು ಓದುಗ ಬಂಧುಗಳಿಗೆ ಅರುಹುತ್ತೇವೆ. ಕೀ ಕೊಡುವುದು ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ವಾಚನ್ನು ಕೈಯಿಂದ ಬಿಚ್ಚಿಕೊಂಡು. ನಿತ್ಯಪೂಜೆಗೆ ಕೂರುವ ಮುನ್ನವೆಂದು ಇಟ್ಟುಕೊಂಡರೆ ನಮ್ಮ ಮನೆಗಳಲ್ಲಿ ಮರೆಯುವ ಪ್ರಶ್ನೆಯೇ ಬಾರದು. ತಿರುಪು ಬಿಗಿಯೆನಿಸಿದೊಡನೆ ನಿಲ್ಲಿಸಬೇಕು, ಬಲವಂತ ಕೂಡದು. ಪೂರ್ತಿ ಕೀ ಕೊಟ್ಟ ವಾಚು ಸುಮಾರು ಒಂದೂವರೆ ದಿನ ನಡೆಯುತ್ತದೆ. ಪಾತ್ರೆ ತೊಳೆಯುವಾಗ, ಹಿಟ್ಟು ನಾದುವಾಗ ಬಿಚ್ಚಿಡುವುದು ಲೇಸು. ಹೆಂಗಸರ ವಾಚುಗಳು ಹೆಚ್ಚಾಗಿ ಕೆಡುವುದು ತಿರುಪಿನ ಸಂದಿಯಿಂದ ನುಸುಳಿದ ತೇವದಿಂದಲೇ. ಧ್ವನಿವರ್ಧಕದ ಬಳಿ, ಆಯಸ್ಕಾಂತವಿರುವ ಮೊಬೈಲ್ ಚೀಲದ ಬಳಿ ಇಡಬಾರದು. ಆಯಸ್ಕಾಂತ ತಗುಲಿದರೆ ವಾಚು ಮುಂದೆ ಓಡತೊಡಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಬೇಕು. ಇನ್ನೊಂದು ಮಾತನ್ನು ಅವರು ಒತ್ತಿ ಹೇಳಿದರು: ಮಾಸಿದ ಡಯಲ್ಲಿಗೆ ಹೊಸ ಬಣ್ಣ ಹೊಡೆಸಬೇಡಿ. ಬಣ್ಣ ಹೊಡೆದು, ನಾಲ್ಕು ಕಡೆಯ ಬಿಡಿಭಾಗ ಸೇರಿಸಿ, ಹಳೆಯ ವಾಚುಗಳನ್ನು ಹೊಸದೆಂದು ಮಾರುವವರು ಈಗ ಹೇರಳವಾಗಿದ್ದಾರೆ. ಅಕ್ಕನವರ ವಾಚಿನ ಡಯಲ್ಲಿನ ಅಂಚು ಹಳದಿಗಟ್ಟಿದೆ. ಅದು ಹಾಗೆಯೇ ಇದೆ.

ವಾಚನ್ನು ಆ ಹುಡುಗಿಗೆ ಕೊಡುವಾಗ ನಮ್ಮ ಮನಸ್ಸು ಹಿಂಜರಿಯಿತೆಂಬುದನ್ನು ಮುಚ್ಚಿಡಲಾರೆವು. ಬಸ್ಸಿನ ನೂಕುನುಗ್ಗಲು, ಹಾಸ್ಟೆಲ್ಲಿನ ನಲ್ಲಿಯ ನೀರು ಎಲ್ಲವೂ ಕಣ್ಣಮುಂದೆ ಬಂದವು. ಆದರೆ ನಮ್ಮ ಬೀರುವಿನಲ್ಲಿ ಅದಕ್ಕೆ ಒದಗಿದ ಗತಿಯನ್ನೂ ಕಂಡಿದ್ದೆವಲ್ಲ! ಕೊಟ್ಟೆವು. ಮೊದಲ ತಿಂಗಳಲ್ಲೇ ದೂರವಾಣಿ ಮಾಡಿ, “ತಾತ, ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತದೆ” ಎಂದಳು. ಅಷ್ಟು ವಯಸ್ಸಾದ ವಾಚಿಗೆ ಅದು ದೊಡ್ಡ ದೋಷವಲ್ಲ, ಬೆಳಿಗ್ಗೆ ಕೀ ಕೊಡುವಾಗ ಮುಳ್ಳನ್ನು ಸರಿಪಡಿಸಿಕೋ ಎಂದೆವು.

ಕಾರ್ಖಾನೆಯೇ ಇಲ್ಲವಾದ ಮೇಲೆ ಹೊಸ ಬಿಡಿಭಾಗಗಳು ಬರುವಂತಿಲ್ಲ. ಕೆಟ್ಟ ವಾಚುಗಳಿಂದಲೇ ಹೆಕ್ಕಿ ತೆಗೆಯಬೇಕು. ಆ ವೃದ್ಧರ ಮೇಜಿನ ಡ್ರಾಯರಿನಲ್ಲಿ ಅದೇ ಜಾತಿಯ ನಿಂತ ವಾಚೊಂದಿತ್ತು. ಅದನ್ನೂ ಕೊಂಡು, ಕಾಗದದಲ್ಲಿ ಸುತ್ತಿ, ಮೇಲೆ ಮುಂದಿನ ಸರ್ವೀಸಿನ ವರ್ಷವನ್ನು ಬರೆದು ಹುಡುಗಿಯ ಕೈಗೆ ಕೊಟ್ಟಿದ್ದೇವೆ.