ಕೀವು ಕಟ್ಟದ ಗಾಯ

ತೊಗರಿ ಕೊಯ್ದ ಹೊಲದ ಕೂಳೆ ಸವೆದ ಚಪ್ಪಲಿಯನ್ನೂ ತೂರಿ ಅಂಗಾಲಿಗೆ ನಾಟುತ್ತದೆ. ಕಲಬುರಗಿಯಿಂದ ಕಮಲಾಪುರದವರೆಗೆ ಹೊಲದಲ್ಲಿ ದುಡಿಯುವವರಿಗೆ ಇದು ಹೊಸದಲ್ಲ. ಬಾವು ಬರುತ್ತದೆ, ಕೀವು ಕಟ್ಟುತ್ತದೆ, ಒಡೆದು ಮಾಯುತ್ತದೆ. ನಾವು ಮುಖ ಸಿಂಡರಿಸಿ ಒರೆಸಿ ಹಾಕುವ ಆ ಕೀವಿನಲ್ಲಿ ಬಹುಪಾಲು ಇರುವುದು ರಕ್ತನಾಳದಿಂದ ನುಸುಳಿ, ಗಾಯದವರೆಗೆ ತೆವಳಿ, ರೋಗಾಣುಗಳೊಡನೆ ಕಾದಾಡಿ ಸತ್ತ ಬಿಳಿ ರಕ್ತಕಣಗಳು.

ಕಾಲಿಲ್ಲದ ಕಣ ತೆವಳುವುದು ಆಕ್ಟಿನ್ ಎಂಬ ಪ್ರೋಟೀನಿನ ಬಲದಿಂದ. 1942ರಲ್ಲಿ ಹಂಗೆರಿಯ ಬ್ರೂನೊ ಸ್ಟ್ರಾಬ್ ಇದನ್ನು ಬೇರ್ಪಡಿಸಿದ್ದು ಮೊಲದ ಸ್ನಾಯುವಿನಿಂದ. ಸ್ನಾಯುವಲ್ಲದ ಜೀವಕೋಶಗಳಲ್ಲೂ ಇದು ಇದೆ ಎಂಬುದು ಆಮೇಲೆ ತಿಳಿಯಿತು. ಆಕ್ಟಿನ್ ಕಣಗಳು ಒಂದಕ್ಕೊಂದು ಕೂಡಿ ಸುಮಾರು 7 ನ್ಯಾನೊಮೀಟರ್ ದಪ್ಪದ ಎಳೆಯಾಗುತ್ತವೆ. ಎಳೆ ಬೆಳೆದಂತೆ ಕೋಶದ ಪೊರೆ ಮುಂದಕ್ಕೆ ಉಬ್ಬುತ್ತದೆ.

ಆದರೆ ಯಾವ ಕಡೆ ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ಆಕ್ಟಿನ್ನಿಗೆ ಗೊತ್ತಿಲ್ಲ. ಗಾಯದ ಕಡೆಯಿಂದ ರಾಸಾಯನಿಕ ಸುಳಿವು ಬಂದಾಗ ಪೊರೆಯ ಆ ಬದಿಯಲ್ಲಿ ರ‍್ಯಾಕ್ ಎಂಬ ಪ್ರೋಟೀನ್ ಎಚ್ಚರಗೊಳ್ಳುತ್ತದೆ. ಅದರ ಅಪ್ಪಣೆ ವೇವ್ ಎಂಬ ಪ್ರೋಟೀನಿನ ಮೂಲಕ ಆರ್ಪ್ 2/3 ಎಂಬ ಪ್ರೋಟೀನ್ ಗುಂಪಿಗೆ ತಲುಪುತ್ತದೆ. ಆರ್ಪ್ 2/3 ಹಳೆಯ ಎಳೆಯ ಮೈಮೇಲೆ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಒಡೆಸುತ್ತದೆ. ಹಿಂಬದಿಯಲ್ಲಿ ಕೋಫಿಲಿನ್ ಎಂಬ ಪ್ರೋಟೀನ್ ಹಳೆಯ ಎಳೆಗಳನ್ನು ಕತ್ತರಿಸುತ್ತಿರುತ್ತದೆ. ಬಿಡಿಯಾದ ಆಕ್ಟಿನ್ ಕಣಗಳು ಮತ್ತೆ ಮುಂದಿನ ಕಟ್ಟಡಕ್ಕೆ ಒದಗುತ್ತವೆ. ನನಗಂತೂ ಈ ಕೆಡವುವವನೇ ದೊಡ್ಡ ಕೆಲಸಗಾರ. ಅವನಿಲ್ಲದಿದ್ದರೆ ಸರಕು ಮುಗಿದು ಕಣ ನಿಂತಲ್ಲೇ ನಿಲ್ಲುತ್ತಿತ್ತು. ಕಣದ ಬಾಲವನ್ನು ಎಳೆದುಕೊಳ್ಳುವುದು ಮಯೊಸಿನ್ ಎಂಬ ಪ್ರೋಟೀನ್. ಹುಟ್ಟಿದ ಗಡ್ಡೆ ಬಿಟ್ಟು ಬೇರೆ ಅಂಗಕ್ಕೆ ಹರಡುವ ಕ್ಯಾನ್ಸರ್ ಕೋಶವೂ ಇದೇ ಸಲಕರಣೆ ಬಳಸುತ್ತದೆ. ಅದನ್ನು ತಡೆಯಲೆಂದು ಔಷಧಿ ಕೊಟ್ಟು ಆಕ್ಟಿನ್ನನ್ನೇ ಕಟ್ಟಿಹಾಕಿದರೆ ಕಾಯುವ ಕಣಗಳೂ ಮರಗಟ್ಟುತ್ತವೆ.

ಇಷ್ಟಿದ್ದರೂ ಹಿಡಿತವಿಲ್ಲದೆ ನಡಿಗೆಯಿಲ್ಲ. ರಕ್ತನಾಳದ ಗೋಡೆಗೆ ಅಂಟಿಕೊಳ್ಳಲು ಬಿಳಿ ಕಣಕ್ಕೆ ಇಂಟೆಗ್ರಿನ್ ಎಂಬ ಪ್ರೋಟೀನ್ ಬೇಕು. ಅದನ್ನು ಒಳಗಿನಿಂದ ಚುರುಕುಗೊಳಿಸಿ ಆಕ್ಟಿನ್ನಿಗೆ ಬೆಸೆಯಲು ಟಾಲಿನ್, ಕಿಂಡ್ಲಿನ್-3 ಎಂಬ ಪ್ರೋಟೀನುಗಳು ಬೇಕು. ಇಂಟೆಗ್ರಿನ್ ಅಥವಾ ಕಿಂಡ್ಲಿನ್-3ರ ವಂಶವಾಹಿ ಕೆಟ್ಟ ಶಿಶುವಿನ ರಕ್ತದಲ್ಲಿ ಬಿಳಿ ಕಣಗಳು ಮಿತಿಮೀರಿ ತುಂಬಿರುತ್ತವೆ, ಗಾಯದಲ್ಲಿ ಮಾತ್ರ ಕೀವೇ ಕಟ್ಟುವುದಿಲ್ಲ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಉದುರುವ ಹೊಕ್ಕುಳಬಳ್ಳಿ ತಿಂಗಳಾದರೂ ಅಂಟಿಕೊಂಡಿರಬಹುದು.

ಅಪರೂಪದ ಕಾಯಿಲೆ, ನಿಜ. ಆದರೆ ‘ಬಳಗದಾಗೇ ಕೊಟ್ಟು ತರೋದು’ ನಮ್ಮ ಕಡೆ ಇನ್ನೂ ನಡೆದಿದೆ; ಅಕ್ಕನ ಮಗಳು, ಸೋದರತ್ತೆಯ ಮಗಳು ಮನೆ ತುಂಬುತ್ತಾರೆ. ಒಂದೇ ಅಜ್ಜನಿಂದ ಬಂದ ದೋಷದ ಪ್ರತಿ ಗಂಡ ಹೆಂಡತಿ ಇಬ್ಬರಲ್ಲೂ ಅಡಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಹಾಗಂತ ಹೊರಗಿನ ಹೆಣ್ಣು ತಂದವರು ನಿಶ್ಚಿಂತರಲ್ಲ. ವಿಸ್ಕಾಟ್-ಆಲ್ಡ್ರಿಚ್ ಎಂಬ ಇನ್ನೊಂದು ಕಾಯಿಲೆಗೆ ಒಳಸಂಬಂಧ ಬೇಕಿಲ್ಲ. ತಾಯಿಯ ಎಕ್ಸ್ ವರ್ಣತಂತುವಿನ ದೋಷವೇ ಸಾಕು. ಆರ್ಪ್ 2/3ಯನ್ನು ಕೆಲಸಕ್ಕೆ ಹಚ್ಚುವ ವಾಸ್ಪ್ ಪ್ರೋಟೀನ್ ಕೆಡುವ ಈ ಕಾಯಿಲೆ ಗಂಡುಮಕ್ಕಳನ್ನು ಕಾಡುತ್ತದೆ: ಮೈತುಂಬ ಇಸುಬು, ಪದೇ ಪದೇ ಸೋಂಕು, ನಿಲ್ಲದ ರಕ್ತಸ್ರಾವ.

ಬೇಗ ಗುರುತಿಸಿದರೆ ಅಸ್ಥಿಮಜ್ಜೆ ಕಸಿಯಿಂದ ಈ ಕಾಯಿಲೆಗಳನ್ನು ಗುಣಪಡಿಸಬಹುದು. ಮೊದಲ ಸುಳಿವು ಸಿಗುವುದು ಯಾವುದೇ ಪ್ರಯೋಗಾಲಯದಲ್ಲಿ ಆಗುವ ರಕ್ತಕಣಗಳ ಎಣಿಕೆಯಲ್ಲೇ. ಬಾಣಂತಿ ಮನೆಯ ಹಿರಿಯರು ವೈದ್ಯರಿಗೆ ಎರಡು ಮಾತು ಹೇಳಿದರೆ ಆ ಎಣಿಕೆಗೆ ಅರ್ಥ ಬರುತ್ತದೆ: ಬಳ್ಳಿ ಎಷ್ಟನೇ ದಿನಕ್ಕೆ ಬಿತ್ತು, ಗಂಡ ಹೆಂಡತಿ ಮೊದಲೇ ಏನು ಸಂಬಂಧ.