ವಿಜ್ಞಾನಿಗಳನ್ನು ಉಳಿಸಿಕೊಳ್ಳುವ ಬಗೆ

ಹಣ ಕಂಡರೆ ಹೆಣವೂ ಬಾಯಿ ಬಿಡುತ್ತದೆ ಎಂಬ ಗಾದೆ ನಮ್ಮಲ್ಲಿದೆ. ಬೆಳೆಯುತ್ತಿರುವ ಕಂಪನಿಯೊಂದಕ್ಕೆ ಮೇಲ್ಮಟ್ಟದ ವಿಜ್ಞಾನಿಗಳು ಬೇಕಾದರೆ ದೊಡ್ಡ ಸಂಬಳ ಕೊಟ್ಟರಾಯಿತು ಎಂಬುದೇ ಹಲವರ ಎಣಿಕೆ. ಆದರೆ ಬಂದವರು ನಿಲ್ಲುವುದಕ್ಕೂ ಅದೊಂದೇ ಸಾಕೇ? ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯದ ಮೊದಲ ವರ್ಷಗಳ ಚರಿತ್ರೆ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ.

1892ರಲ್ಲಿ ಸ್ಥಾಪಿತವಾದ ಈ ಕಂಪನಿಗೆ ವಿದ್ಯುದ್ದೀಪದ ವ್ಯಾಪಾರ ಬಹು ಮುಖ್ಯವಾಗಿತ್ತು. ಎಡಿಸನ್ನರ ದೀಪದ ಪೇಟೆಂಟು 1894ರಲ್ಲಿ ಮುಗಿಯಿತು; ಯೂರೋಪಿನಲ್ಲಿ ಹೊಸ ಬಗೆಯ ದೀಪಗಳು ತಲೆಯೆತ್ತಿದವು. ವಿಜ್ಞಾನದ ಬಲವಿಲ್ಲದೆ ಉಳಿಗಾಲವಿಲ್ಲವೆಂದು ಕಂಪನಿಯವರು 1900ರಲ್ಲಿ ಸ್ಕೆನೆಕ್ಟಡಿಯಲ್ಲಿ ಸಂಶೋಧನಾಲಯವನ್ನು ತೆರೆದು, ಎಂ.ಐ.ಟಿ.ಯ ರಸಾಯನಶಾಸ್ತ್ರದ ಅಧ್ಯಾಪಕ ವಿಲ್ಲಿಸ್ ವಿಟ್ನಿಯವರನ್ನು ಕರೆದರು. ವಿಟ್ನಿ ಹಿಂಜರಿದರು. ಪಾಠ ಹೇಳುವುದನ್ನು ಬಿಡದೆ, ವಾರದಲ್ಲಿ ಕೆಲವು ದಿನ ಮಾತ್ರ ಬಂದರೂ ಆದೀತೆಂದು ಕಂಪನಿ ಒಪ್ಪಿತು. ಹಾಗೆ ಬಂದವರು ಕ್ರಮೇಣ ಅಲ್ಲಿಯೇ ನೆಲೆಸಿದರು.

1905ರಲ್ಲಿ ವಿಟ್ನಿ, ವಿಲಿಯಂ ಕೂಲಿಡ್ಜ್ ಎಂಬ ತರುಣನನ್ನು ಕರೆತಂದರು. ಕೂಲಿಡ್ಜ್ ಜೋಡು ಹೊಲಿಯುವವನ ಮಗ. ಓದಿಗಾಗಿ ಸಾಲ ಮಾಡಿದ್ದವರು. ಇಮ್ಮಡಿ ಸಂಬಳದ ಜೊತೆಗೆ, ತಮ್ಮ ಸ್ವಂತ ಸಂಶೋಧನೆಯನ್ನು ಮುಂದುವರಿಸಲು ಅವರಿಗೆ ಅನುಮತಿ ದೊರೆಯಿತು. ಟಂಗ್‌ಸ್ಟನ್ ಲೋಹ ಬಾಗಿಸಿದರೆ ಮುರಿಯುತ್ತಿತ್ತು. ಕಾಯಿಸಿ ಬಡಿದು ಅದನ್ನು ಎಳೆಯಾಗಿ ಎಳೆಯುವ ವಿಧಾನವನ್ನು ಅವರು ಕೆಲವೇ ವರ್ಷಗಳಲ್ಲಿ ಕಂಡುಹಿಡಿದರು. 1932ರಲ್ಲಿ ಆ ಸಂಶೋಧನಾಲಯದ ನಿರ್ದೇಶಕರೂ ಆದರು.

ಅರ್ವಿಂಗ್ ಲಾಂಗ್ಮ್ಯೂರ್ ಬಂದದ್ದು 1909ರ ಬೇಸಿಗೆ ರಜೆಯಲ್ಲಿ. ಅವರು ಅಧ್ಯಾಪಕರಾಗಿದ್ದ ಕಾಲೇಜಿನಲ್ಲಿ ಪಾಠದ ಹೊರೆಯಿಂದ ಸಂಶೋಧನೆಗೆ ಬಿಡುವಿರಲಿಲ್ಲ. ಎಲ್ಲವನ್ನೂ ಸುತ್ತಿ ನೋಡಿ, ಮನಸ್ಸಿಗೆ ಹಿಡಿದುದನ್ನು ಮಾಡಿ ಎಂದು ವಿಟ್ನಿ ಹೇಳಿದರು. ದೀಪದ ಬುರುಡೆಯೊಳಗಿನ ಅನಿಲಗಳ ವಿಚಾರವನ್ನು ಲಾಂಗ್ಮ್ಯೂರ್ ಹಿಡಿದರು. ಇದರಿಂದ ಕಂಪನಿಗೇನು ಲಾಭವೆಂದು ಅವರೇ ಸಂಕೋಚಪಟ್ಟಾಗಲೂ ವಿಟ್ನಿ ತಡೆಯಲಿಲ್ಲ. ಬುರುಡೆಯನ್ನು ಇನ್ನಷ್ಟು ನಿರ್ವಾತಗೊಳಿಸಿದರೆ ಅದು ಕಪ್ಪಾಗದೆಂದು ತಜ್ಞರು ನಂಬಿದ್ದರು. ಕಾದ ಟಂಗ್‌ಸ್ಟನ್ ಎಳೆಯೇ ಆವಿಯಾಗಿ ಗಾಜಿಗೆ ಅಂಟುವುದೆಂದು ಲಾಂಗ್ಮ್ಯೂರ್ ತೋರಿಸಿದರು. ಅನಿಲ ತುಂಬಿ, ಎಳೆಯನ್ನು ಸುರುಳಿಯಾಗಿ ಸುತ್ತಿದಾಗ ದೀಪವು ಕಡಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಗಿತು. ರಜೆಗೆಂದು ಬಂದವರು 1950ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯೇ ಇದ್ದರು. ನಡುವೆ 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವೂ ಅವರಿಗೆ ಬಂದಿತು.

ಇದು ಕಂಪನಿಯ ದಾನಧರ್ಮವೆಂದು ಭಾವಿಸಬೇಕಾಗಿಲ್ಲ. ಪೇಟೆಂಟುಗಳ ಫಲ ಅದಕ್ಕೇ ಸೇರಿತು. ಆದರೆ ಫಲ ಬೇಕೆನ್ನುವವನು ಗಿಡ ಬೆಳೆಯುವವರೆಗೆ ಕಾಯಬೇಕೆಂಬ ವಿವೇಕ ವಿಟ್ನಿಯವರಲ್ಲಿತ್ತು. ದಿನಕ್ಕೊಮ್ಮೆ ಬೇರು ಕಿತ್ತು ನೋಡುವ ತೋಟಗಾರನಿಗೆ ಯಾವ ಗಿಡ ತಾನೆ ಉಳಿದೀತು?

ಸಂಬಳ ಮುಖ್ಯವಲ್ಲವೆಂದು ನಾನು ಹೇಳಲಾರೆ. ಮಗನ ಮೊದಲ ಸಂಬಳಕ್ಕಾಗಿ ಕಾದಿರುವ ಮನೆಗಳಿಂದ ಬಂದವರು ನಮ್ಮಲ್ಲಿ ಅನೇಕರಿದ್ದೇವೆ. ಕೂಲಿಡ್ಜರ ಸಾಲ ತೀರಲು ಹಣವೇ ಬೇಕಾಗಿತ್ತು. ಆದರೆ ಸಂಬಳವು ಮನುಷ್ಯನನ್ನು ಬಾಗಿಲವರೆಗೆ ತರುತ್ತದೆ. ಒಳಗೆ ಕೂರಿಸುವುದು ಕೆಲಸದ ಸ್ವಾತಂತ್ರ್ಯ ಮತ್ತು ಮೇಲಿನವರ ನಂಬಿಕೆ. ನಾಳೆ ಕೆಲಸ ಹುಡುಕುವಾಗಲೂ, ಮುಂದೊಂದು ದಿನ ಇತರರಿಗೆ ಕೆಲಸ ಕೊಡುವಾಗಲೂ ಈ ಎರಡನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.